ಕಮಲಾ ಜೋಡಿ ಬತ್ತಿ

"ಅತ್ತಯ್ಯಾ...!"

ಭವಾನಿಯ ಕೈಯಲ್ಲಿದ್ದ ಬಟ್ಟೆಯ ಗಂಟು ಹೊಸ್ತಿಲ ಮೇಲೆ ಬಿತ್ತು.

ವಿಜಯವಾಡದ ಒನ್ ಟೌನಿನ ಆ ಇಕ್ಕಟ್ಟಾದ ಓಣಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ರಾತ್ರಿಯ ರೈಲಿನಲ್ಲಿ ವಿಶಾಖಪಟ್ಟಣದಿಂದ ಬಂದಿಳಿದ ಅವಳು, ಎಂದಿನಂತೆ ಸೋದರತ್ತೆ ಕೋಟೇಶ್ವರಮ್ಮನವರ ಮನೆಯ ಮುಂದಿನ ಕೋಣೆಯ ಬಾಗಿಲನ್ನು ತಳ್ಳಿದ್ದಳು. ಒಳಗೆ ಅತ್ತೆಯ ಮಂಚವಿರಲಿಲ್ಲ. ಅತ್ತೆಯೂ ಇರಲಿಲ್ಲ. ಗೋಡೆಯ ಮೇಲೆ ಮಾಲೆ ಹಾಕಿದ ಒಂದು ಫೋಟೋ. ನಸುಗತ್ತಲೆಯಲ್ಲಿ, ಅತ್ತೆ ಉಡುವಂಥದೇ ಬಿಳಿಯ ಸೀರೆಯ ಸೆರಗಷ್ಟೇ ಕಾಣುತ್ತಿತ್ತು. ಅದರ ಮುಂದೆ ನೆಲದ ಮೇಲೆ ಒಂದು ಹಣತೆ.

ಹಣತೆಯಲ್ಲಿ ಉರಿಯುತ್ತಿದ್ದದ್ದು ಒಂದೇ ಬತ್ತಿ!

ದೇವರ ಮುಂದೆ ಯಾವಾಗಲೂ ಎರಡು ಬತ್ತಿಗಳನ್ನು ಕೂಡಿಸಿ ಹಚ್ಚುತ್ತಾರೆ. ಒಂಟಿ ಬತ್ತಿಯನ್ನು ಹಚ್ಚುವುದು ಸತ್ತವರ ತಲೆಯ ಬಳಿ ಮಾತ್ರ. ಬತ್ತಿ ಹೊಸೆದು ಮಾರಿ ಬದುಕುವ ಹುಡುಗಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅಮ್ಮ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಈಗ ಅತ್ತಯ್ಯನೂ...? ಒಂದು ತಂತಿಯನ್ನಾದರೂ ಕಳಿಸಬಾರದಿತ್ತೇ?

"ಅಯ್ಯೋ ದೇವರೇ... ಅಮ್ಮನೂ ಹೋದಳು, ಇನ್ನು ನನಗೆ ಯಾರಿದ್ದಾರೆ...?"

ದುಃಖದಲ್ಲಿ ಅವಳ ಬಾಯಿಗೆ ಬಂದದ್ದು ಅಮ್ಮನ ಮಾತು, ಕನ್ನಡ.

"ನೀವು ಕನ್ನಡದವರೇನ್ರಿ?"

ಬೆಚ್ಚಿ ತಿರುಗಿದಳು. ಹೆಗಲ ಮೇಲೆ ಒದ್ದೆ ಟವೆಲು, ಕೈಯಲ್ಲಿ ಬಕೆಟು, ಮುಖದ ತುಂಬ ಆಶ್ಚರ್ಯ. ಮೂವತ್ತರ ಆಸುಪಾಸಿನ ಯಾರೋ ಗಂಡಸು!

"ಯಾವಾಗ ಆಯಿತು?" ಎಂದು ಕೇಳಿದಳು ಬಿಕ್ಕುತ್ತ.

"ಏನು ಯಾವಾಗ ಆತ್ರಿ?"

"ನಮ್ಮ ಅತ್ತಯ್ಯ..."

"ಏಮೇ ಭವಾನಿ! ಬೆಳಿಗ್ಗೆ ಬೆಳಿಗ್ಗೆ ಯಾಕೇ ಅಳ್ತಿದ್ದೀ?"

ಓಣಿಯ ನಲ್ಲಿಯಿಂದ ನೀರು ಹಿಡಿದು, ಸೊಂಟದ ಮೇಲೆ ಬಿಂದಿಗೆ ಹೊತ್ತು ಅತ್ತೆ ಬಾಗಿಲಲ್ಲಿ ನಿಂತಿದ್ದರು! ಭವಾನಿ ಓಡಿಹೋಗಿ ಅಪ್ಪಿಕೊಂಡಳು. ಅರ್ಧ ಬಿಂದಿಗೆ ನೀರು ಅವಳ ಸೀರೆಯ ಮೇಲೆಯೇ ಚೆಲ್ಲಿತು.

"ಮುಂದಿನ ಕೋಣೆಯನ್ನು ಈ ರಮಾಕಾಂತ ಬಾಬುಗೆ ಬಾಡಿಗೆಗೆ ಕೊಟ್ಟೆ ಅಮ್ಮಾಯಿ. ನಾನು ಹಿಂದಿನ ಕೋಣೆಗೆ ಹೋದೆ. ಬ್ಯಾಂಕಿನಲ್ಲಿ ಆಫೀಸರು. ಧಾರವಾಡದಿಂದ ಟ್ರಾನ್ಸ್‌ಫರ್ ಆಗಿ ಬಂದಿದ್ದಾನೆ."

ಅಳು ನಿಂತಿತು. ಅದರ ಜಾಗದಲ್ಲಿ ಸಿಟ್ಟು ಬಂತು.

"ಏನ್ರೀ ನೀವು? ಆಫೀಸರಂತೆ! ಬದುಕಿರುವವರ ಮನೆಯಲ್ಲಿ ಒಂಟಿ ಬತ್ತಿ ಹಚ್ಚಿ ಇಟ್ಟಿದ್ದೀರಲ್ಲ!"

"ಯಾಕ್ರಿ? ಹಚ್ಚಬಾರದೇನು?"

ಅವನು ಕುಚೋದ್ಯಕ್ಕೆ ಕೇಳಿರಲಿಲ್ಲ. ನಿಜಕ್ಕೂ ಅವನಿಗೆ ಗೊತ್ತಿರಲಿಲ್ಲ.

"ಇದು ನಮ್ಮವ್ವನ ಫೋಟೋರಿ," ಎಂದ ಮೆಲ್ಲಗೆ. "ಹೋದ ವರ್ಷ ತೀರಿಕೊಂಡಳು. ಆವತ್ತು ಹಿರ್ಯಾರು ಹಿಂಗ ಒಂದು ಬತ್ತಿ ಹಚ್ಚಿಟ್ರು. ಕರ್ಮ ಎಲ್ಲಾ ಮುಗಿಸಿ ಡ್ಯೂಟಿಗೆ ಬಂದೆ. ದೀಪ ನಿಲ್ಲಬಾರದು ಅಂತ ಹಂಗ ಹಚ್ಕೋತ ಬಂದೀನಿ. ಇನ್ನ ಮ್ಯಾಲೆ ಎರಡು ಹಾಕಪ್ಪಾ ಅಂತ ಹೇಳಲಿಕ್ಕೆ ಮನ್ಯಾಗ ಯಾರಿದ್ರು?"

ಭವಾನಿಯ ಸಿಟ್ಟು ಎಲ್ಲಿ ಹೋಯಿತೋ! ತಾಯಿ ಹೋದ ಮನೆಯಲ್ಲಿ ಎಷ್ಟು ಚಿಕ್ಕ ಮಾತುಗಳು ಹೇಳುವವರಿಲ್ಲದೆ ನಿಂತುಹೋಗುತ್ತವೆ ಎಂಬುದು ಅವಳಿಗೂ ತಿಳಿದಿತ್ತು.

ಗಂಟು ಬಿಚ್ಚಿ, ಒಂದು ಪೊಟ್ಟಣದಿಂದ ಎರಡು ಬತ್ತಿಗಳನ್ನು ತೆಗೆದಳು. ಅಂಗೈಯಲ್ಲಿ ಒಂದಕ್ಕೊಂದು ಸೇರಿಸಿ ಹೊಸೆದು, ಎಣ್ಣೆಯಲ್ಲಿ ಅದ್ದಿ ಹಣತೆಯಲ್ಲಿಟ್ಟಳು.

"ಹೀಗೆ. ಇನ್ನು ಮೇಲೆ ಹೀಗೆ."

ಅವನು ಮಂಡಿಯೂರಿ ಕುಳಿತು ನೋಡುತ್ತಿದ್ದ. ಆ ಪೊಟ್ಟಣವನ್ನು ಕೊಂಡುಕೊಂಡ. ಅವಳು ಏಳುವಷ್ಟರಲ್ಲಿ ಕೇಳಿದ:

"ಅಲ್ರಿ, ಎರಡೂ ಯಾವಾಗಲೂ ಕೂಡೇ ಇರಬೇಕಂದ್ರ, ನೀವು ಬಿಡಿಬಿಡಿಯಾಗಿ ಯಾಕ ಮಾರ್ತೀರಿ?"

ಅಮ್ಮ ಹಾಗೆ ಮಾರುತ್ತಿದ್ದಳು, ತಾನೂ ಹಾಗೆಯೇ ಮಾರುತ್ತಿದ್ದಳು.

*ಯಾಕೆ ಮಾರುತ್ತೇವೆ?*

ಮರಳಿ ಹೋಗುವ ರೈಲಿನಲ್ಲಿ, ಕಿಟಕಿಯ ಪಕ್ಕದಲ್ಲಿ ಕುಳಿತು, ಅವಳು ಅದನ್ನೇ ಯೋಚಿಸಿದಳು. ಆ ಪ್ರಶ್ನೆಯನ್ನು, ಮತ್ತೆ... ಪ್ರಶ್ನೆ ಕೇಳಿದವನ ಕಣ್ಣುಗಳನ್ನು.

* * *

ವಿಶಾಖಪಟ್ಟಣದ ಅಂಚಿನಲ್ಲಿರುವ ಪೆಂದುರ್ತಿಯಲ್ಲಿ ಭವಾನಿಯ ಮನೆ. ತಂದೆ ರಾಮಮೋಹನರಾವು ತೆಲುಗಿನವರು, ಬಂದರಿನ ಕಚೇರಿಯಲ್ಲಿದ್ದು ನಿವೃತ್ತರಾದವರು. ತಾಯಿ ಕಮಲಾ ಮೈಸೂರಿನ ಕಡೆಯವಳು. ಮದುವೆಯಾಗಿ ಬಂದ ಹೊಸತರಲ್ಲಿ ಭಾಷೆ ಬಾರದೆ, ಹೊತ್ತು ಹೋಗದೆ ಹತ್ತಿ ಬಿಡಿಸಿ ಬತ್ತಿ ಹೊಸೆಯುತ್ತಿದ್ದಳಂತೆ. ನೆರೆಯವರು ಕೇಳಿ ಒಯ್ದರು. ಹಾಗೆ ಆರಂಭವಾದ ವ್ಯಾಪಾರ ಅದು. ಅಂಗಡಿಯಿಲ್ಲ, ದಲ್ಲಾಳಿಯಿಲ್ಲ. ಬುಟ್ಟಿ ಹಿಡಿದು ಮನೆಯ ಬಾಗಿಲಿಗೇ ಹೋಗಿ, ಕುಳಿತು, ಕ್ಷೇಮ ವಿಚಾರಿಸಿ, ಕೈಯಾರೆ ಕೊಟ್ಟು ಬರುವುದು. ಪೊಟ್ಟಣದ ಮೇಲೆ ಕೆಂಪು ಅಕ್ಷರದಲ್ಲಿ 'ಕಮಲಾ ಬತ್ತಿ' ಎಂದು ಇರುತ್ತಿತ್ತು.

ಅಮ್ಮ ಹೋದ ಮೇಲೆ ಉಳಿದದ್ದು ಆ ಹೆಸರೊಂದೇ.

ಅದಕ್ಕೂ ಈಗ ಕುತ್ತು ಬಂದಿತ್ತು. ಒಬ್ಬ ಸಗಟು ವ್ಯಾಪಾರಿ ಹೇಳಿ ಕಳಿಸಿದ್ದ: "ನೀವು ಹೊಸೆಯುವುದನ್ನೆಲ್ಲ ನಾನೇ ಕೊಳ್ಳುತ್ತೇನೆ. ಬಾಗಿಲು ಬಾಗಿಲಿಗೆ ತಿರುಗುವ ಕಷ್ಟ ಏಕೆ? ಆದರೆ ಪೊಟ್ಟಣದ ಮೇಲೆ ನನ್ನ ಹೆಸರಿರುತ್ತದೆ."

"ಒಪ್ಪಿಕೊಳ್ಳೋಣವೇ ಅಮ್ಮಾ?" ಎಂದಿದ್ದರು ತಂದೆ. "ಇಲ್ಲಿಯ ನಾಲ್ಕು ಬೀದಿಗಳಿಂದ ಇದು ನಡೆಯುವುದಿಲ್ಲ. ನಿನ್ನನ್ನು ನಂಬಿ ಹೊಸೆಯುವ ಹೆಂಗಸರಿದ್ದಾರೆ."

"ಕಾರ್ತಿಕ ಮುಗಿಯುವವರೆಗೆ ಸಮಯ ಕೊಡಿ ನಾನ್ನಾ. ವಿಜಯವಾಡದಲ್ಲಿ ಅತ್ತಯ್ಯ ಮಾರುತ್ತೇನೆ ಅಂದಿದ್ದಾರೆ. ಅಲ್ಲಿ ನಡೆಯದಿದ್ದರೆ, ಅಮ್ಮನ ಹೆಸರು ತೆಗೆದುಬಿಡಿ."



ವಿಜಯವಾಡದಿಂದ ಬಂದ ಮರುದಿನವೇ ಅವಳು ಹೊಸೆಯುವ ಹೆಂಗಸರನ್ನು ಕರೆದು ಕೂರಿಸಿದಳು. "ಎರಡೆರಡು ಬತ್ತಿ ಬುಡದಲ್ಲಿ ಸೇರಿಸಿ ಹೊಸೆಯಿರಿ. ಎಣ್ಣೆಯಲ್ಲಿಟ್ಟರೆ ಸಾಕು, ಜೋಡಿ ಬಿಡಬಾರದು."

"ಕೆಲಸ ಹೆಚ್ಚಲ್ಲವೇನಮ್ಮಾ? ಯಾರು ಹೇಳಿಕೊಟ್ಟರು ಇದನ್ನು?"

"ಯಾರೋ... ಏನೂ ತಿಳಿಯದವರೊಬ್ಬರು!" ಎಂದು ಅವಳು ನಕ್ಕಳು.

* * *

ಶ್ರಾವಣದಲ್ಲಿ ಒಯ್ದ ಗಂಟು ಖಾಲಿಯಾಯಿತು. ಭಾದ್ರಪದದಲ್ಲಿ ಒಯ್ದದ್ದು ಅದಕ್ಕಿಂತ ದೊಡ್ಡದು. ಅದೂ ಖಾಲಿ! ನವರಾತ್ರಿಗೆ ಹೋದಾಗ ಅತ್ತೆ ಬಾಗಿಲಲ್ಲೇ ಕೇಳಿದರು: "ಇಷ್ಟೇನಾ ತಂದಿದ್ದು?"

ಭವಾನಿಗೆ ಸಂತೋಷಕ್ಕಿಂತ ಕುತೂಹಲವೇ ಹೆಚ್ಚಾಯಿತು.

"ಯಾರು ಕೊಳ್ತಾರೆ ಅತ್ತಯ್ಯ? ಯಾವ ಬೀದಿ? ನಾನೂ ನಿಮ್ಮ ಜೊತೆ ಬರ್ತೀನಿ."

"ನೀನ್ಯಾಕೆ ಬಿಸಿಲಿಗೆ? ಅನ್ನಕ್ಕೆ ಗೋಂಗೂರ ಚಟ್ನಿ ಕಲಸಿದ್ದೀನಿ, ತಿನ್ನು ಮೊದಲು."

"ಎದುರುಮನೆ ಅನ್ನಪೂರ್ಣಮ್ಮನವರು ತಗೊಂಡ್ರಾ?"

"ತುಪ್ಪ ಹಾಕ್ಲಾ?"

ಕೇಳಿದಾಗಲೆಲ್ಲ ಇದೇ ಕಥೆ! ರಮಾಕಾಂತನನ್ನು ಕೇಳಿದರೆ ಅವನು ಕನ್ನಡಕ ಒರೆಸಿಕೊಳ್ಳುತ್ತ ಮಾತು ಬೇರೆಡೆಗೆ ತಿರುಗಿಸುತ್ತಿದ್ದ. "ನಿಮ್ಮ ಬತ್ತಿ ಕರಕಾಗದಂಗ ಉರೀತಾವ. ಯಾಕ್ರಿ? ಹತ್ತಿ ಬ್ಯಾರೇನೋ, ಕೈ ಬ್ಯಾರೇನೋ?"

ಅವಳ ಪಾಲಿಗೆ ವಿಜಯವಾಡದ ದಾರಿ ಈಗ ಬರಿಯ ವ್ಯಾಪಾರದ ದಾರಿಯಾಗಿರಲಿಲ್ಲ. ರೈಲು ಹೊರಟಾಗಲೇ ಅವನು ಈ ಸಲ ಏನು ಕೇಳಬಹುದೆಂದು ಯೋಚಿಸತೊಡಗುತ್ತಿದ್ದಳು.

ನವರಾತ್ರಿಯ ಒಂದು ಸಂಜೆ ಮೂವರೂ ಕನಕದುರ್ಗಮ್ಮನ ದರ್ಶನಕ್ಕೆ ಇಂದ್ರಕೀಲಾದ್ರಿ ಹತ್ತಿದರು. ಅರ್ಧ ದಾರಿಯಲ್ಲಿ ಅತ್ತೆ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. "ನೀವು ನಡೀರಿ ನಾಯನಾ, ನನ್ನ ಮಂಡಿ ಒಪ್ಪುತ್ತಿಲ್ಲ."

ಮೇಲಿನ ತಿರುವಿನಲ್ಲಿ ನಿಂತು ನೋಡಿದರೆ ಕೃಷ್ಣೆ ಬೆಟ್ಟದ ಬುಡಕ್ಕೇ ಒರಗಿ ಹರಿಯುತ್ತಿದ್ದಳು. ಸೇತುವೆಯ ಮೇಲೆ ಒಂದು ರೈಲು ಹೋಗುತ್ತಿತ್ತು.

"ಒಂದು ಮಾತು ಕೇಳ್ಲೇನ್ರಿ?"

"ಕೇಳಬೇಡಿ ಅಂದರೆ ಬಿಡ್ತೀರಾ?"

"ತೆಲುಗಿನಾಗ ನಿಮ್ಮ ದನಿ ಜೋರ ಇರ್ತದ. ಕನ್ನಡ ಮಾತಾಡುವಾಗ ಸಣ್ಣ ಆಗಿಬಿಡ್ತದ. ಯಾಕ್ರಿ?"

ಅವಳು ನದಿಯ ಕಡೆ ತಿರುಗಿದಳು.

"ಕನ್ನಡ ನನಗೆ ಅಮ್ಮನ ಜೊತೆ ಮಾತ್ರ ಇತ್ತು. ಅಡುಗೆಮನೆಯಲ್ಲಿ, ಬತ್ತಿ ಹೊಸೆಯುತ್ತಾ... ಮಂಡಿಗೆ ಮಂಡಿ ತಾಗಿಸಿ ಕೂತಿರ್ತಿದ್ವಿ. ಅಲ್ಲಿ ಜೋರಾಗಿ ಮಾತಾಡುವ ಅಗತ್ಯವೇ ಇರಲಿಲ್ಲ."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಅಮ್ಮ ಹೋದ ಮೇಲೆ ಆ ಮಾತು ಬಾಯಲ್ಲೇ ಒಣಗಿಹೋಗಿತ್ತು. ನಿಮ್ಮನ್ನು ಬೈಯುವುದಕ್ಕೆ ಅಂತ ತೆರೆದೆ... ಮತ್ತೆ ಬಂತು."

"ಹಂಗಾದ್ರ..." ಅವನ ದನಿಯೂ ಸಣ್ಣದಾಗಿತ್ತು. "ದಿನಾ ಬೈರಿ. ನಾ ಬ್ಯಾಡ ಅನ್ನಂಗಿಲ್ಲ."

ಕೆಳಗಿನಿಂದ ಅತ್ತೆ ಕೂಗಿದರು: "ಏಮಂಡೋಯ್! ಅಮ್ಮನವರು ಮೇಲಿದ್ದಾರೆ, ನದಿಯಲ್ಲಿಲ್ಲ!"

ಭವಾನಿ ಮುಖ ಮುಚ್ಚಿಕೊಂಡು ಮೆಟ್ಟಿಲು ಹತ್ತಿದಳು. ಅಂದು ದುರ್ಗಮ್ಮನ ಮುಂದೆ ನಿಂತಾಗ ಅವಳಿಗೆ ಏನು ಬೇಡಿಕೊಳ್ಳಬೇಕೆಂದೇ ಮರೆತುಹೋಯಿತು!

* * *

ಕಾರ್ತಿಕ ಮಾಸಕ್ಕೆ ಇನ್ನು ಕೆಲವೇ ದಿನಗಳಿದ್ದವು. ವರ್ಷದಲ್ಲೆಲ್ಲ ಹೆಚ್ಚು ದೀಪ ಹಚ್ಚುವ ತಿಂಗಳು. ಭವಾನಿ ಹೇಳಿದ ದಿನಕ್ಕಿಂತ ಮುಂಚೆಯೇ ದೊಡ್ಡ ಗಂಟಿನೊಡನೆ ಬಂದಿಳಿದಳು. ಅತ್ತೆ ಮನೆಯಲ್ಲಿರಲಿಲ್ಲ. ಎದುರುಮನೆಯ ಅನ್ನಪೂರ್ಣಮ್ಮ ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದರು.

"ಪಿನ್ನಿಗಾರು, ನಮ್ಮ ಜೋಡಿ ಬತ್ತಿ ಹೇಗಿದೆ?" ಎಂದು ನಗುತ್ತ ಕೇಳಿದಳು.

"ಯಾವ ಬತ್ತಿಯಮ್ಮಾ?"

"ಅತ್ತಯ್ಯ ಮಾರುತ್ತಾರಲ್ಲ..."

"ನಾನು ಕೊಂಡಿಲ್ಲಮ್ಮಾ." ಅನ್ನಪೂರ್ಣಮ್ಮನ ಕಣ್ಣು ಬೇರೆಡೆಗೆ ತಿರುಗಿತು. "ಈ ಓಣಿಯಲ್ಲಿ ಯಾರೂ ಕೊಂಡ ಹಾಗಿಲ್ಲ."

ಯಾರೂ ಕೊಂಡಿಲ್ಲವೇ...?

ಮುಂದಿನ ಕೋಣೆಯ ಬಾಗಿಲು ಓರೆಯಾಗಿತ್ತು. ಭವಾನಿ ತಳ್ಳಿದಳು. ಮಂಚದ ಕೆಳಗೆ, ಕಿಟಕಿಯ ದಂಡೆಯ ಮೇಲೆ, ಗೋಡೆಯ ಉದ್ದಕ್ಕೂ ಅವಳದೇ ಪೊಟ್ಟಣಗಳು! ಕಮಲಾ ಬತ್ತಿ... ಕಮಲಾ ಬತ್ತಿ... ಕಮಲಾ ಬತ್ತಿ... ಅವುಗಳ ನಡುವೆ ರಮಾಕಾಂತ ಕುಳಿತು ಜೋಡಿಸುತ್ತಿದ್ದ.



"ಇವನ್ನೆಲ್ಲ ನೀವೇ ಕೊಂಡಿದ್ದಾ?"

"ಇಲ್ರಿ! ಹಿಂದಿನ ಕೋಣಿ ಗ್ವಾಡಿ ಸೋರ್ತದ, ಹತ್ತಿ ತೇವ ಹಿಡೀತದ ಅಂತ ಅಮ್ಮಾವ್ರು ಇಲ್ಲಿ ಇಟ್ಟಾರ. ಇವು ಕಾರ್ತಿಕಕ್ಕ ಅಂತ ಎತ್ತಿಟ್ಟದ್ದು, ಇನ್ನ ಮಾರಬೇಕು."

"ಮಾರಿದ್ದನ್ನು ಯಾರು ಕೊಂಡರು? ಈ ಓಣಿಯಲ್ಲಿ ಒಬ್ಬರೂ ಕೊಂಡಿಲ್ಲವಂತೆ! ಒಂದು ಹೆಸರು ಹೇಳಿ. ಒಂದೇ ಒಂದು."

ಅವನು ತಲೆ ತಗ್ಗಿಸಿದ.

"ಹೇಳಂಗಿಲ್ರಿ. ಮಾತು ಕೊಟ್ಟೀನಿ."

"ಯಾರಿಗೆ?"

"ಅದನ್ನೂ ಹೇಳಂಗಿಲ್ಲ."

ಓಹೋ! ಭವಾನಿಗೆ ಎಲ್ಲವೂ ಅರ್ಥವಾದಂತೆ ಅನ್ನಿಸಿತು. ಅಳುತ್ತ ಬಂದ ಹುಡುಗಿ. ಕರುಣೆ ತೋರಿಸಿದ ಆಫೀಸರು. ಪಾಪ ಎಂದು, ಕೊಂಡು ಕೊಂಡು ಕೂಡಿಟ್ಟಿದ್ದಾನೆ! ಹಾಗಾದರೆ ನಡೆದದ್ದು ವ್ಯಾಪಾರವೇ ಅಲ್ಲ. ಅಮ್ಮನ ಹೆಸರು ಇಷ್ಟು ದಿನ ನಿಂತದ್ದು ಒಬ್ಬರ ಭಿಕ್ಷೆಯ ಮೇಲೆ...!

"ನಿಮ್ಮ ಸಂಬಳದಿಂದ ನನ್ನ ಅಮ್ಮನ ಹೆಸರನ್ನು ಉಳಿಸಬೇಡಿ! ಇನ್ನು ಮೇಲೆ ನನ್ನ ಬತ್ತಿಯನ್ನು ಮುಟ್ಟಲೂಬೇಡಿ!"

"ಭವಾನಿಯವರೇ... ನಾ ಕೊಂಡಿದ್ದು ಒಂದೇ ಪೊಟ್ಟಣ. ಅದೂ ಮೊದಲನೇ ದಿನ, ನಿಮ್ಮ ಕೈಯಿಂದ."

ಅವಳು ಕೇಳಿಸಿಕೊಳ್ಳಲು ನಿಲ್ಲಲಿಲ್ಲ. ತಂದ ಗಂಟನ್ನು ಅಲ್ಲಿಯೇ ಬಿಟ್ಟು, ಅತ್ತೆಯನ್ನೂ ನೋಡದೆ, ಸ್ಟೇಷನ್ನಿನ ದಾರಿ ಹಿಡಿದಳು. ಕಣ್ಣೀರಿನಲ್ಲಿ ದಾರಿಯೇ ಕಾಣುತ್ತಿರಲಿಲ್ಲ.

* * *

"ನಾನ್ನಾ, ಆ ಸಗಟು ವ್ಯಾಪಾರಿಗೆ ಒಪ್ಪಿಗೆ ಅಂತ ಬರೆದುಬಿಡಿ."

ರಾಮಮೋಹನರಾವು ಮಗಳ ಮುಖ ನೋಡಿದರು. ಏನನ್ನೂ ಕೇಳಲಿಲ್ಲ. ಇನ್‌ಲ್ಯಾಂಡ್ ಕವರು ಬಿಡಿಸಿ ಪೆನ್ನಿನ ಮುಚ್ಚಳ ತೆಗೆದರು.

"ಬರೆಯಲೇ?"

"...ನಾಳೆ ಬರೆಯಿರಿ."

ಮರುದಿನ ಮತ್ತೆ ಕೇಳಿದರು. ಮತ್ತೆ "ನಾಳೆ" ಎಂದಳು.

ಬತ್ತಿ ಹೊಸೆಯಲು ಕುಳಿತರೆ ಕೈ ನಿಂತುಬಿಡುತ್ತಿತ್ತು. ಒಂದು ಸಂಗತಿ ಮನಸ್ಸಿನಲ್ಲಿ ಮುಳ್ಳಿನಂತೆ ಚುಚ್ಚುತ್ತಿತ್ತು. ಸುಳ್ಳು ಹೇಳುವವನಾಗಿದ್ದರೆ ಯಾವುದೋ ಒಂದು ಹೆಸರು ಹೇಳಿ ಮುಗಿಸುತ್ತಿದ್ದನಲ್ಲ? 'ಆ ಬೀದಿಯ ಲಕ್ಷ್ಮೀಕಾಂತಮ್ಮ ಕೊಂಡರು' ಎಂದಿದ್ದರೆ ತಾನು ನಂಬಿಬಿಡುತ್ತಿದ್ದಳು. ಅವನು ಹಾಗೆ ಮಾಡಲಿಲ್ಲ. ಬೈಸಿಕೊಂಡು ಸುಮ್ಮನೆ ನಿಂತ.

*ಯಾಕೆ?*

ಯಾರಿಗೆ ಕೊಟ್ಟ ಮಾತು ಅದು? ಅವನು ಕೊಂಡಿಲ್ಲವಾದರೆ, ಓಣಿಯ ಹೆಂಗಸರೂ ಕೊಂಡಿಲ್ಲವಾದರೆ, ಶ್ರಾವಣದಿಂದ ಇಲ್ಲಿಯವರೆಗೆ ಅಷ್ಟು ಬತ್ತಿಗಳು ಯಾರ ದೀಪದಲ್ಲಿ ಉರಿದವು?

'ಯಾಕೆ' ಎಂದು ಕೇಳುವ ಅವನ ರೋಗ ಅವಳಿಗೂ ತಗುಲಿತ್ತು!

"ನಾನ್ನಾ, ಒಂದು ಸಲ ಹೋಗಿ ನೋಡಿ ಬರುತ್ತೇನೆ. ಬಂದ ಮೇಲೆ ಬರೆಯೋಣ."

ತಂದೆ ನಿಧಾನವಾಗಿ ಪೆನ್ನಿನ ಮುಚ್ಚಳ ಹಾಕಿದರು. "ನಿಮ್ಮ ಅಮ್ಮನೂ ಹೀಗೆಯೇ. ತಿಳಿದುಕೊಳ್ಳದೆ ನಿದ್ದೆ ಮಾಡುತ್ತಿರಲಿಲ್ಲ," ಎಂದರು.

* * *

ಈ ಸಲ ಅವಳು ಅತ್ತೆಯ ಮನೆಗೆ ನೇರವಾಗಿ ಹೋಗಲಿಲ್ಲ. ಓಣಿಯ ತುದಿಯಲ್ಲಿ ನಿಂತಳು. ಮೊದಲ ಬೆಳಕಿನಲ್ಲಿ ಕೋಟೇಶ್ವರಮ್ಮ ಸ್ನಾನ ಮುಗಿಸಿ, ಬಿಳಿಯ ಸೆರಗನ್ನು ತಲೆಯ ಮೇಲೆ ಹೊದ್ದು, ಕೈಚೀಲ ಹಿಡಿದು ಹೊರಬಿದ್ದರು. ಮನೆಗಳ ಕಡೆಗಲ್ಲ. ಸಗಟು ಮಾರುಕಟ್ಟೆಯ ಕಡೆಗೆ!

ಭವಾನಿ ಹಿಂದೆಯೇ ನಡೆದಳು.

ಮಾರುಕಟ್ಟೆಯ ಬೀದಿ ಆಗಷ್ಟೇ ಕಣ್ಣು ತೆರೆಯುತ್ತಿತ್ತು. ಷಟರುಗಳು ಗಡಗಡನೆ ಮೇಲೇಳುತ್ತಿದ್ದವು. ಎಲ್ಲೆಲ್ಲೂ ಗಂಡಸರು. ಹಮಾಲಿಗಳು, ಗುಮಾಸ್ತರು, ಅಂಗಡಿಯಲ್ಲೇ ಮಲಗಿ ಎದ್ದ ವ್ಯಾಪಾರಿಗಳು. ಪ್ರತಿ ಅಂಗಡಿಯಲ್ಲೂ ಗಲ್ಲಾಪೆಟ್ಟಿಗೆಯ ಮೇಲೆ ಒಂದು ದೇವರ ಪಟ, ಪಟದ ಮುಂದೆ ಒಂದು ದೀಪದ ಕಂಬ. ದೀಪ ಹಚ್ಚದೆ ಯಾರೂ ತಕ್ಕಡಿ ಮುಟ್ಟುವುದಿಲ್ಲ.

ಅರಿಸಿನದ ಅಂಗಡಿಯ ಮುದುಕ ಯಜಮಾನರು ಎದ್ದು ನಿಂತು ಕೈಮುಗಿದರು.

"ಬನ್ನಿ ಅಮ್ಮಗಾರು. ನಿಮಗಾಗಿಯೇ ಕಾಯುತ್ತಿದ್ದೆ."

ಅತ್ತೆ ಚೀಲದಿಂದ ಪೊಟ್ಟಣ ತೆಗೆದುಕೊಟ್ಟರು. ಅವರು ಒಂದು ಜೋಡಿ ಬತ್ತಿಯನ್ನು ದೀಪದಲ್ಲಿಟ್ಟು ಹಚ್ಚಿದರು. ಪಕ್ಕದ ಅಂಗಡಿಯವನು ಕೂಗಿದ: "ಅಮ್ಮಗಾರು, ನನಗೂ ಕಾರ್ತಿಕಕ್ಕೆ ಎತ್ತಿಡಿ!" ಅದರಾಚೆಯವನೂ ಕೈ ಚಾಚಿದ.

ಭವಾನಿ ಮೂಟೆಗಳ ಸಾಲಿನ ಹಿಂದೆ ಅಡಗಿ ನಿಂತಿದ್ದಳು. ಪಾಪ, ಅವು ಗುಂಟೂರು ಮೆಣಸಿನಕಾಯಿಯ ಮೂಟೆಗಳು!

"ಆ... ಆಕ್ಷೀ!"

ಇಡೀ ಬೀದಿ ತಿರುಗಿ ನೋಡಿತು. ಅತ್ತೆಯ ಕೈಯಿಂದ ಚೀಲ ಜಾರಿತು.

"ಭವಾನಿ...!"

"ಅತ್ತಯ್ಯ, ನನ್ನಿಂದ ಇದನ್ನು ಯಾಕೆ ಮುಚ್ಚಿಟ್ಟಿರಿ?"

ಕೋಟೇಶ್ವರಮ್ಮ ಬಗ್ಗಿ ಚೀಲವನ್ನು ಎತ್ತಿಕೊಂಡರು.

"ಮೊದಲು ಮನೆಗಳಿಗೇ ಹೋದೆ ಅಮ್ಮಾಯಿ. ಅನ್ನಪೂರ್ಣಮ್ಮ ಒಳ್ಳೆಯವಳು, ಬೈಯಲಿಲ್ಲ. ಹೊಸ್ತಿಲಲ್ಲೇ ನಿಲ್ಲಿಸಿ 'ನಾಳೆ ಬಾ' ಅಂದಳು. ಎಲ್ಲರೂ 'ನಾಳೆ' ಅಂದರು. ದೀಪದ ಬತ್ತಿಯನ್ನು, ಬೆಳಿಗ್ಗೆ ಬೆಳಿಗ್ಗೆ, ಗಂಡ ಸತ್ತವಳ ಕೈಯಿಂದ ಯಾರು ತಗೊಳ್ತಾರೆ? ನಿನಗೆ ತಿಳಿದರೆ, ಅಮ್ಮನ ಹೆಸರಿಗೆ ಕೆಟ್ಟದಾಗುತ್ತೆ ಅಂತ ನೀನೂ ನನ್ನ ಕೈಗೆ ಕೊಡೋದಿಲ್ಲವೇನೋ ಅಂತ ಹೆದರಿದೆ. ಅದಕ್ಕೇ ರಮಾಕಾಂತನ ಹತ್ತಿರ ದುರ್ಗಮ್ಮನ ಮೇಲೆ ಮಾತು ತಗೊಂಡಿದ್ದೆ."

"ಅತ್ತಯ್ಯಾ..."

ಅರಿಸಿನದ ಅಂಗಡಿಯ ಸೂರ್ಯಪ್ರಕಾಶರಾವು ನಡುವೆ ಬಂದರು.

"ನಾನು ಹೇಳುತ್ತೇನೆ ಕೇಳಮ್ಮಾ. ನನ್ನ ಮನೆಯಾಕೆ ಹೋದ ಮೇಲೆ ನಾನೂ ಒಂಟಿ ಬತ್ತಿಯನ್ನೇ ಹಚ್ಚುತ್ತಿದ್ದೆ. ಬ್ಯಾಂಕಿನ ಬಾಬು ಯಾವುದೋ ಕೆಲಸಕ್ಕೆ ಬಂದವರು ನೋಡಿ, 'ಹಾಗೆ ಹಚ್ಚಬಾರದಂತೆ' ಅಂದರು. 'ಯಾರು ಹೇಳಿದರು?' ಅಂದೆ. 'ಪೆಂದುರ್ತಿಯ ಒಬ್ಬ ಅಮ್ಮಾಯಿ ಬೈದು ಕಲಿಸಿದರು' ಅಂದರು! ಮರುದಿನ ಇವರನ್ನು ಕರೆತಂದರು. ಎದುರಿಗೆ ಬರಬಾರದವಳೆಂದು ಇವರು ಅಲ್ಲಿ ಕಂಬದ ಹಿಂದೆ ನಿಂತಿದ್ದರು." ಮುದುಕರು ಕಣ್ಣು ಒರೆಸಿಕೊಂಡರು. "ನಾನೂ ಒಂಟಿ, ಇವರೂ ಒಂಟಿ. ಯಾರಿಗೆ ಯಾರು ಅಪಶಕುನ? ದೀಪ ತಂದುಕೊಡುವ ಕೈ ಅಪಶಕುನವಾದರೆ, ಆ ದೀಪ ಯಾತಕ್ಕೆ?"

ಭವಾನಿ ಅತ್ತೆಯ ಎರಡೂ ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡಳು.

"ನನ್ನ ಅಮ್ಮನ ಹೆಸರು ಈ ಕೈಯಿಂದಲೇ ಉಳಿದಿದೆ. ಇನ್ನು ಮುಂದೆಯೂ ಈ ಕೈಯಿಂದಲೇ ಹೋಗಬೇಕು. ಬೇರೆ ಯಾರ ಹೆಸರೂ ಬೇಡ."

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು, ಅಳುವಿನ ನಡುವೆಯೇ ಗದರಿದರು: "ಸರಿ ಸರಿ. ಇಲ್ಲಿ ನಿಂತು ನನ್ನ ಕೈ ಹಿಡಿದಿದ್ದು ಸಾಕು. ಅಲ್ಲಿ ಒಬ್ಬ ಹುಡುಗ ಕಾರಣವಿಲ್ಲದೆ ಬೈಸಿಕೊಂಡು ಕೂತಿದ್ದಾನೆ. ಸರಿಯಾಗಿ ಊಟ ಕೂಡ ಮಾಡ್ತಿಲ್ಲ. ಹೋಗೇ!"

* * *

ಮುಂದಿನ ಕೋಣೆಯ ಬಾಗಿಲು ತೆರೆದಿತ್ತು.

ರಮಾಕಾಂತ ತಾಯಿಯ ಫೋಟೋದ ಮುಂದೆ ಕುಳಿತು, ಮೊಣಕಾಲಿನ ಮೇಲೆ ಏನನ್ನೋ ಉಜ್ಜುತ್ತಿದ್ದ. ದಿಂಬಿನ ಒಂದು ಮೂಲೆ ಹರಿದಿತ್ತು. ನೆಲದ ತುಂಬ ಹತ್ತಿ!

ಭವಾನಿ ಬಾಗಿಲಲ್ಲೇ ನಿಂತಳು.

"ಏನದು? ಹಗ್ಗ ಹೊಸೆಯುತ್ತಿದ್ದೀರಾ?"

ಅವನು ತಲೆ ಎತ್ತಿದ. ಕನ್ನಡಕದ ಮೇಲೂ ಹತ್ತಿ.

"ಬತ್ತಿರಿ. ನಿಮ್ಮದನ್ನ ಮುಟ್ಟಬ್ಯಾಡ ಅಂದಿದ್ರಿ."

ಗೋಡೆಯ ಉದ್ದಕ್ಕೂ ಪೊಟ್ಟಣಗಳು ಹಾಗೆಯೇ ಇದ್ದವು. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅವನು ಒಂದನ್ನೂ ಬಿಚ್ಚಿರಲಿಲ್ಲ!

ಅವಳಿಗೆ ನಗು ಬಂತು, ಅಳುವೂ ಬಂತು. ಒಳಗೆ ಬಂದು ಅವನ ಎದುರಿಗೆ ಕುಳಿತಳು.

"ಮಾರುಕಟ್ಟೆಗೆ ಹೋಗಿದ್ದೆ. ಎಲ್ಲ ನೋಡಿದೆ."

"ಅಮ್ಮಾವ್ರು... ಹೇಳಿದ್ರೇನು?"

"ಹೇಳಿದರು. ನಾನು ಅಷ್ಟೆಲ್ಲ ಅಂದಾಗ ನೀವು ಒಂದು ಮಾತು ಹೇಳಬಹುದಿತ್ತು."

"ಹೇಳಿದ್ರ ನೀವು ಉಳೀತಿದ್ರಿ. ಅಮ್ಮಾವ್ರ ಮಾನ ಉಳೀತಿರಲಿಲ್ಲ." ಅವನು ಅಂಗೈಯಲ್ಲಿದ್ದ ದಪ್ಪ ಬತ್ತಿಯನ್ನು ನೋಡುತ್ತ ಹೇಳಿದ. "ನೀವು ಇನ್ನ ಬರಂಗಿಲ್ಲ ಅಂತ ತಿಳಿದಿದ್ದೆ. ಖರೇ ಹೇಳ್ತೀನಿ ಭವಾನಿ, ಅವ್ವ ಹೋದ ಮ್ಯಾಲೆ ಈ ಮನಿಗೆ ಬೆಳಕು ಬಂದದ್ದು ನೀವು ಬೈದ ದಿನ. ನೀವು ಹೋದ ಮ್ಯಾಲೆ... ಮತ್ತ ಒಂದ ಬತ್ತಿ ಆತು."

ಹಣತೆಯಲ್ಲಿ ಎಣ್ಣೆಯಿತ್ತು. ಬತ್ತಿ ಇರಲಿಲ್ಲ.

ಭವಾನಿ ಅವನ ಕೈಯಿಂದ ಆ ದಪ್ಪ ಬತ್ತಿಯನ್ನು ತೆಗೆದುಕೊಂಡಳು. ಹರಿದ ದಿಂಬಿನಿಂದ ಒಂದಿಷ್ಟು ಹತ್ತಿ ಎಳೆದು, ತನ್ನ ಮಂಡಿಯ ಮೇಲೆ ಮತ್ತೊಂದನ್ನು ಹೊಸೆದಳು. ಸಣ್ಣಗೆ, ನೇರವಾಗಿ, ಅಮ್ಮ ಕಲಿಸಿದ ಹಾಗೆ. ಎರಡರ ಬುಡವನ್ನೂ ಸೇರಿಸಿ ತಿರುವಿ ಹಣತೆಯಲ್ಲಿಟ್ಟಳು.

"ಒಂದು ದಪ್ಪ, ಒಂದು ಸಣ್ಣ ಆತಲ್ರಿ," ಎಂದ ಅವನು.

"ಆಗಲಿ."

"ಕೂಡಿ ಉರೀತಾವೇನು?"

"ಹೊಸತರಲ್ಲಿ ಸ್ವಲ್ಪ ಚಟಪಟ ಅನ್ನುತ್ತೆ. ಎಣ್ಣೆ ಹಿಡಿದ ಮೇಲೆ ಸರಿಹೋಗುತ್ತೆ."

ಅವನು ಕಡ್ಡಿ ಗೀರಿದ. ಬತ್ತಿ ಚಟಪಟ ಎಂದಿತು. ಹೊಗೆ ಎದ್ದಿತು. ಆಮೇಲೆ ಎರಡು ತುದಿಗಳೂ ಸೇರಿ ಒಂದೇ ಉರಿಯಾಗಿ ನಿಂತಿತು. ಫೋಟೋದಲ್ಲಿದ್ದ ತಾಯಿಯ ಮುಖ ಈಗ ಸ್ಪಷ್ಟವಾಗಿ ಕಂಡಿತು. ಭವಾನಿ ಕೈಮುಗಿದಳು. ಎಂದೂ ನೋಡಿರದ ಆ ಅವ್ವನೂ, ಮತ್ತೆ ನೋಡಲಾಗದ ತನ್ನ ಅಮ್ಮನೂ ಒಟ್ಟಿಗೇ ನೋಡುತ್ತಿದ್ದಾರೆ ಎಂದು ಅವಳಿಗೆ ಅನ್ನಿಸಿತು.

"ಭವಾನಿ... ಕಾರ್ತಿಕ ಮುಗಿದ ಮ್ಯಾಲೆ ಪೆಂದುರ್ತಿಗೆ ಬರಬೇಕಂತ ಮಾಡೀನಿ. ನಿಮ್ಮ ತಂದೆಯವರ ಹತ್ರ ಮಾತಾಡಲಿಕ್ಕೆ."

ಅವಳು ದೀಪದಿಂದ ಕಣ್ಣು ತೆಗೆಯಲಿಲ್ಲ. ತುಟಿಯ ಅಂಚಿನಲ್ಲಿ ನಗು ಮಾತ್ರ ಅಡಗಲಿಲ್ಲ.

"ಯಾಕ್ರಿ?" ಎಂದಳು.

ಅವನದೇ ಮಾತು. ಅವನದೇ ಧಾಟಿ. ಈ ಸಲ ಅವಳ ದನಿ ಸಣ್ಣದಾಗಿರಲಿಲ್ಲ.

ರಮಾಕಾಂತ ಮೊದಲು ತಬ್ಬಿಬ್ಬಾದ, ಆಮೇಲೆ ಜೋರಾಗಿ ನಕ್ಕುಬಿಟ್ಟ.

"ಅದನ್ನ ಅಲ್ಲೇ ಬಂದು ಹೇಳ್ತೀನ್ರಿ."

"ಕಾರ್ತಿಕ ಮುಗಿಯುವವರೆಗೆ ಯಾಕೆ ಕಾಯಬೇಕು?" ಎಂದು ಭವಾನಿ ಮೆಲ್ಲಗೆ ಅವನ ಕನ್ನಡಕದ ಮೇಲಿದ್ದ ಹತ್ತಿಯನ್ನು ತೆಗೆದಳು. "ನಾಳಿನ ರೈಲಿಗೇ ಬನ್ನಿ."